ವ್ಯಾನಿನ ತಳಕ್ಕೆ ಬಳಿದ ಕಪ್ಪು ಬಣ್ಣ

ಮಾಮಾ, ಅಕ್ಕನ ಕಾಲು ಹಾಳಾದದ್ದು ನಿಮ್ಮಿಂದಲ್ಲ, ನನ್ನಿಂದ. ವ್ಯಾನಿನಲ್ಲಿ ತೊಯ್ದ ಮೆಣಸಿನಕಾಯಿ ಚೀಲ ಹೇರಬೇಡಿ ಎಂದು ನಾನು ನಿಮಗೆ ಎಂದೂ ಹೇಳಿರಲಿಲ್ಲ. ಹೇಳಿದ್ದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೆದುರು ಅಂದದ್ದು ಶುದ್ಧ ಸುಳ್ಳು.

ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹಾವೇರಿ ಕೋರ್ಟಿನ ಎದುರು ಕೂತು ಬೇರೆಯವರ ಪ್ರಮಾಣಪತ್ರ ಟೈಪು ಮಾಡಿ ಹೊಟ್ಟೆ ಹೊರೆದವನು ನಾನು. 'ಮೇಲೆ ಹೇಳಿದ್ದೆಲ್ಲ ಸತ್ಯ' ಎಂಬ ಸಾಲನ್ನು ಕಣ್ಣು ಮುಚ್ಚಿ ಹೊಡೆಯಬಲ್ಲೆ. ನನ್ನದೇ ಸಂಗತಿಗೆ ಬಂದಾಗ ಮಾತ್ರ ಬೆರಳು ಏಳಲಿಲ್ಲ.

ಓದುವ ಬೇರೆಯವರಿಗೂ ತಿಳಿಯಲಿ — ಮಾಮಾ ಎಂದರೆ ನನ್ನ ಅಕ್ಕ ಶಾಂತಳ ಗಂಡ, ಮೋಟೆಬೆನ್ನೂರಿನ ಬಸವಂತಪ್ಪ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ. ನನ್ನ ಹಳೆಯ ಬಿಳಿ ವ್ಯಾನನ್ನು ಅವರಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ನನಗೊಂದು ಚಟ, ಏನು ಕೊಟ್ಟರೂ ನಾಲ್ಕು ಜನ ಭಲೇ ಅನ್ನಬೇಕು. ದಸರೆಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ವ್ಯಾನು ಹೊಸದರಂತೆ ಹೊಳೆಯುತ್ತ ಮೋಟೆಬೆನ್ನೂರಿನ ಅಂಗಳದಲ್ಲಿ ಪೂಜೆಗೆ ನಿಲ್ಲುತ್ತದೆ, ಅದರ ತುಕ್ಕನ್ನೆಲ್ಲ ನಾನೇ ಮನೆಯಲ್ಲಿ ತೆಗೆಯುತ್ತೇನೆ ಎಂದು ಓಣಿಯಲ್ಲೆಲ್ಲ ಮೀಸೆ ತಿರುವಿದೆ.

ಹಾವೇರಿಯ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ವ್ಯಾನು ನಿಲ್ಲಿಸಿ ಕೆಲಸ ಹಿಡಿದೆ. ತಂತಿಯ ಬ್ರಶ್ಶು, ಉಪ್ಪುಕಾಗದ, ಪುಟ್ಟಿಯ ಡಬ್ಬಿ, ಬಣ್ಣ. ಬಾಗಿಲ ಅಂಚು, ಚಕ್ರದ ಮೇಲಿನ ಕಮಾನು — ಇವುಗಳ ತುಕ್ಕನ್ನು ಪ್ರಾಮಾಣಿಕವಾಗಿಯೇ ತೆಗೆದೆ. ಬೆಳ್ಳಗೆ ಮಿಂಚುವ ತಗಡು ಕಾಣುವ ತನಕ ಉಜ್ಜಿದೆ, ಅಂಗೈಯಲ್ಲಿ ಬೊಬ್ಬೆ ಬಂದವು. ಆಮೇಲೆ ಒಳಗಿನ ರಬ್ಬರ್ ಚಾಪೆ ಎತ್ತಿದೆ. ನಡುವಿನ ಸೀಟಿನ ಮುಂದೆ, ಜಾರುವ ಬಾಗಿಲ ಪಕ್ಕದಲ್ಲಿ, ತಗಡು ಕಂದುಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕುಟ್ಟಿದೆ. ಅದು ಹಪ್ಪಳ ಚುಚ್ಚಿದ ಹಾಗೆ ಒಳಗೆ ಇಳಿದು ಹೋಯಿತು. ಬಗ್ಗಿ ನೋಡಿದರೆ ಕೆಳಗೆ ನೆಲ ಕಂಡಿತು.

ವೆಲ್ಡಿಂಗ್ ಅಂಗಡಿಯ ಮೌಲಾಸಾಬನನ್ನು ಕರೆತಂದು ತೋರಿಸಿದೆ. ಅವನು ಬೆರಳು ಹಾಕಿ ನೋಡಿ, ತಲೆ ಅಲ್ಲಾಡಿಸಿದ.

"ಇದು ಪುಟ್ಟಿಗೆ ನಿಲ್ಲೂದಲ್ರಿ. ತಿಂದಷ್ಟು ತಗಡು ಕೊಯ್ದು ತಗೀಬೇಕು, ಹೊಸಾದು ಕೂಡಿಸಿ ವೆಲ್ಡಿಂಗ್ ಹೊಡೀಬೇಕು. ಹಬ್ಬದ ಮುಂದ ನಂಗ ಪುರುಸೊತ್ತಿಲ್ಲ. ಹಬ್ಬ ಆದಮ್ಯಾಲ ಗಾಡಿ ತಂದ ಬಿಡ್ರಿ."

ಹಬ್ಬಕ್ಕೆ ಮೂರೇ ದಿನವಿತ್ತು. ಹಬ್ಬದ ನಂತರ ಕೊಡುತ್ತೇನೆ ಎಂದಿದ್ದರೆ ನೀವೇನು ಅನ್ನುತ್ತಿದ್ದಿರಿ, ಮಾಮಾ? 'ಆತು ಬಿಡು' ಅಂದು ಸುಮ್ಮನಾಗುತ್ತಿದ್ದಿರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಆದರೆ ನನ್ನ ಮೀಸೆ —

ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ತೂತಿನ ಮೇಲಿಟ್ಟೆ. ಅದರ ಮೇಲೆ ಗೋಣಿತಾಟಿನ ತುಂಡು, ಅದರ ಮೇಲೆ ಬೆರಳು ದಪ್ಪ ಪುಟ್ಟಿ. ಒಣಗಿದ ಮೇಲೆ ಉಜ್ಜಿ ಸಪಾಟು ಮಾಡಿ, ಕೆಳಗೂ ಮೇಲೂ ಕಪ್ಪು ಬಣ್ಣ ಬಳಿದೆ. ಚಾಪೆ ಹಾಸಿದೆ. ಎಷ್ಟು ಚಂದ ಕೂತಿತ್ತೆಂದರೆ, ನಿಜ ಹೇಳುತ್ತೇನೆ, ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಂಡೆ. ಹಬ್ಬದ ಹಿಂದಿನ ದಿನ ನೀವು ಹಾವೇರಿಗೆ ಬಂದು, ಬೇವಿನ ಗಿಡದ ಕೆಳಗೆ ನನ್ನಿಂದ ಕೀಲಿ ಪಡೆದು ಗಾಡಿ ಒಯ್ದಿರಿ. ಪೂಜೆಯ ದಿನ ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು, 'ನಮ್ಮ ಈರಣ್ಣನ ಕೈ ಅಂದ್ರ ಕೈ' ಎಂದು ಊರವರಿಗೆಲ್ಲ ತೋರಿಸಿದಿರಿ. ನಾನು ನಾಚಿದವನಂತೆ ನಕ್ಕೆ.

ಸುಗ್ಗಿ ಬಂತು. ನೀವು ಆ ವ್ಯಾನಿನಲ್ಲಿ ಬ್ಯಾಡಗಿ ಪೇಟೆಗೆ ಚೀಲ ಒಯ್ಯತೊಡಗಿದಿರಿ. ಒಣಗಿದ ಮೆಣಸಿನಕಾಯಿ ತುಂಬುವಾಗ ಮುರಿಯಬಾರದೆಂದು ಹಿಂದಿನ ಸಂಜೆ ನೀರು ಚಿಮುಕಿಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಚೀಲ ತುಸು ತೇವವಿರುತ್ತದೆ. ನನಗೆ ಅದು ಗೊತ್ತಿತ್ತು. ವ್ಯಾನಿನ ತಳದಲ್ಲಿ ಏನಿದೆಯೆಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದ ಮನುಷ್ಯ ನಾನೊಬ್ಬನೇ. ಆದರೂ ಬಾಯಿ ಬಿಡಲಿಲ್ಲ.

ಆ ದಿನ ಅಕ್ಕನನ್ನು ಕೂರಿಸಿಕೊಂಡು ನೀವು ರಾಣೆಬೆನ್ನೂರಿಗೆ ಸಂಬಂಧಿಕರ ಮನೆಯ ಸೀಮಂತಕ್ಕೆ ಹೊರಟಿದ್ದಿರಿ. ಹೆದ್ದಾರಿ ಅಗೆದಿದ್ದರಿಂದ ವ್ಯಾನು ಪಕ್ಕದ ಮಣ್ಣಿನ ದಾರಿಗೆ ಇಳಿಯಿತು. ಒಂದು ತಗ್ಗು. ನಡುವಿನ ಸೀಟಿನಲ್ಲಿ ಕೂತಿದ್ದ ಅಕ್ಕ ಕಾಲೂರಿದಳು, ತಳ ಕಿತ್ತು ಅವಳ ಕಾಲು ನೆಲಕ್ಕೆ ಇಳಿಯಿತು. ನೀವು ಬ್ರೇಕು ಹಾಕುವಷ್ಟರಲ್ಲಿ — ಮುಂದಿನದು ನಿಮಗೇ ಗೊತ್ತು. ಅದನ್ನು ಬರೆಯುವ ಹಕ್ಕು ನನಗಿಲ್ಲ.

ರಾಣೆಬೆನ್ನೂರಿನ ಆಸ್ಪತ್ರೆಗೆ ನಾನು ಅವ್ವನನ್ನು ಕರೆದುಕೊಂಡು ಓಡಿ ಬಂದೆ. ಅಕ್ಕ ಮಂಚದ ಮೇಲಿದ್ದಳು. ನಿಮ್ಮ ಅಂಗಿಯ ಮೇಲೆ ಅವಳ ರಕ್ತವಿತ್ತು. ಅವ್ವ ಅಳುತ್ತ ಕೇಳಿದಳು, "ಹೋದ ಹಬ್ಬಕ್ಕ ರಿಪೇರಿ ಮಾಡಿದ ಗಾಡಿ, ತಳಾ ಹೆಂಗ ಕಿತ್ತು ಹೋತು?" ಎಲ್ಲರೂ ನನ್ನ ಕಡೆ ತಿರುಗಿದರು. ನೀವೂ ತಿರುಗಿದಿರಿ — ದೂರುವುದಕ್ಕಲ್ಲ, ನಿಮಗೂ ತಿಳಿಯಬೇಕಾಗಿತ್ತು, ಅಷ್ಟೇ. ಆಗ ಆ ಮಾತು ನನ್ನ ಬಾಯಿಂದ ಬಂತು.

"ತೊಯ್ದ ಚೀಲ ಹೇರಬ್ಯಾಡ್ರಿ ಅಂತ ನಾ ಮಾಮಾಗ ಮೊದಲ ಹೇಳಿದ್ದೆ."

ನೀವು ನನ್ನನ್ನೇ ನೋಡಿದಿರಿ. "ಹೇಳಿದ್ದಿ ಏನ ಈರಣ್ಣಾ? ನಂಗ ನೆನಪಾಗವಲ್ದು ನೋಡು."

ಆಗಲಾದರೂ ಹಿಂದೆ ಸರಿಯಬಹುದಿತ್ತು. ನನಗೂ ನೆನಪಿಲ್ಲ, ಹೇಳಿರಲಿಕ್ಕಿಲ್ಲ ಎನ್ನಬಹುದಿತ್ತು. "ಹೇಳಿದ್ದೆ ಮಾಮಾ," ಅಂದೆ.

"ಹಂಗಾರ ನಾನ ಮರ್ತಿರಬೇಕು," ಅಂದಿರಿ ನೀವು.

ಅಕ್ಕ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡಳು. ಮೂರ್ನಾಲ್ಕು ತಿಂಗಳ ತೇವಕ್ಕೆ ಅಷ್ಟು ದಪ್ಪ ತಗಡು ಹೇಗೆ ಕರಗೀತು ಎಂದು ಒಬ್ಬರೂ ಕೇಳಲಿಲ್ಲ. ಕೋರ್ಟಿನ ಎದುರು ಕೂರುವ ಮನುಷ್ಯ ಸುಳ್ಳು ಹೇಳಿಯಾನೆಂದು ಯಾರಿಗೆ ಅನ್ನಿಸೀತು? ನೀವು ಆ ವ್ಯಾನನ್ನು ಗುಜರಿಗೆ ಹಾಕಿದ ಸುದ್ದಿ ಬಂದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಸಾಕ್ಷಿ ಹೋಯಿತಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುವುದು ಆ ಸುಳ್ಳಿಗಿಂತ ಆ ಊಟವನ್ನು ನೆನೆದಾಗ.

ಅಕ್ಕ ಕೋಲು ಹಿಡಿದು ನಡೆಯತೊಡಗಿದಳು. ನೀವು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಮನೆಯಲ್ಲಿ ಏನೇ ಮಾತು ಬಂದರೂ ಅಕ್ಕ, "ನಿಮಗ ಹೇಳಿದ್ದ ಎಲ್ಲಿ ನೆನಪಿರ್ತೈತಿ," ಎಂದುಬಿಡುತ್ತಿದ್ದಳು. ನೀವು ತಲೆ ತಗ್ಗಿಸುತ್ತಿದ್ದಿರಿ. ಸಂತೆಗೆ ಹೋಗುವಾಗಲೂ ಚೀಟಿ ಬರೆದು ಅಂಗೈಯಲ್ಲಿ ಹಿಡಿದುಕೊಂಡು ಹೋಗುವಷ್ಟು ನಿಮ್ಮ ನೆನಪಿನ ಮೇಲೆ ನಿಮಗೇ ನಂಬಿಕೆ ಹೋಯಿತು. ನಾನು ಎಲ್ಲವನ್ನೂ ನೋಡಿದೆ. ಹಬ್ಬಕ್ಕೆ ಬಂದು ಹೋಳಿಗೆ ಉಂಡು, ಅಕ್ಕನಿಗೆ ಸೀರೆ ಕೊಟ್ಟು, ಹಾವೇರಿಯ ಬಸ್ಸು ಹತ್ತುತ್ತಿದ್ದೆ.

ಹೋದ ತಿಂಗಳು ಬಂದಾಗ ನಿಮ್ಮ ಕಟ್ಟೆಯ ಮೇಲೆ ಬೀಗರೊಬ್ಬರು ಕೂತಿದ್ದರು. ಅಕ್ಕನ ಕಾಲಿಗೆ ಏನಾಯಿತೆಂದು ಕೇಳಿದರು. ನೀವು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಿರಿ:

"ಎಲ್ಲಾ ನನ್ನ ತಪ್ಪರಿ. ಇಂವ ಬೇವಿನ ಗಿಡದ ಕೆಳಗ ನಿಂತು, ನನ್ನ ಕೈ ಹಿಡದು ಹೇಳಿದ್ದ — 'ಮಾಮಾ, ತೊಯ್ದ ಚೀಲ ಹೇರಬ್ಯಾಡ್ರಿ' ಅಂತ. ಈಗೂ ಕಣ್ಣಿಗೆ ಕಟ್ಟಿದಂಗ ಐತಿ. ನಾ ಕೇಳಲಿಲ್ಲ."

ನಡೆಯದೇ ಇದ್ದ ಸಂಗತಿಯನ್ನು ನೀವು ನೆನಪು ಮಾಡಿಕೊಂಡಿದ್ದಿರಿ, ನಾನು ನಿಂತ ಜಾಗದ ಸಮೇತ. ನನ್ನ ಸುಳ್ಳನ್ನು ನಂಬುವುದಕ್ಕಾಗಿ ಎಷ್ಟು ರಾತ್ರಿ ಹೆಣಗಿದ್ದಿರೋ ಏನೋ. ಒಳಗೆ ಬಾಗಿಲ ಹತ್ತಿರ ಅಕ್ಕ ನಿಂತಿದ್ದಳು. ಆಗಲೂ ನಾನು ಚಹಾ ಕುಡಿದು ಎದ್ದು ಬಂದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಯೇ ಬಿಡುತ್ತೀರಿ, ಅದೂ ನನಗೆ ಲಾಭವೇ. ಬರುವ ಸೋಮವಾರ ಮೋಟೆಬೆನ್ನೂರಿಗೆ ಬಂದು ಇದನ್ನು ನಿಮ್ಮಿಬ್ಬರ ಮುಂದೆ ಓದುತ್ತೇನೆ. ಅಕ್ಕ ಎದುರಿಗೇ ಕೂತು ನನ್ನ ಬಾಯಿಂದಲೇ ಕೇಳಬೇಕು — ನೀವು ಏನನ್ನೂ ಮರೆತವರಲ್ಲ ಎಂದು. ಅಂದು ಬೇವಿನ ಗಿಡದ ಕೆಳಗೆ, ಕೀಲಿ ಕೈಗೆ ಕೊಡುವಾಗ, ನಾನು ನಿಮಗೆ ಹೇಳಿದ ಮಾತು ಇದು:

"ನಿಶ್ಚಿಂತಿಯಿಂದ ಒಯ್ರಿ ಮಾಮಾ. ಏನ ಹೇರಿದ್ರೂ ತಳಾ ಗಟ್ಟಿ ಐತಿ."