ಗುಲಾಲಿನ ಕೆಳಗೆ ಅಕ್ಕನ ಛತ್ರಿ

ಮಗಳ ಕಬಡ್ಡಿ ತಂಡ ಗೆದ್ದು ಬಂದ ದಿನ ಮಿರಜ ಸ್ಟೇಷನ್ನಿನ ಹೊರಗೆ ಹೂಮಾಲೆ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. ಹುಡುಗಿಯರು ಕಪ್ ಎತ್ತಿಕೊಂಡು ಟ್ರೇಲರ್ ಹತ್ತಿದರೋ ಇಲ್ಲವೋ, ಹಲಗೆ ಬಾರಿಸುವುದು ಶುರುವಾಯಿತು.

ಕೈಯಲ್ಲಿ ಹೆಂಡತಿಯ ಕ್ಯಾಮೆರಾ. ಮಗಳ ಎಲ್ಲ ಆಟಗಳ ಫೋಟೊ ತೆಗೆಯುತ್ತಿದ್ದವಳು ಅವಳೇ. ಅವಳು ತೀರಿಕೊಂಡು ವರ್ಷ ತುಂಬಿರಲಿಲ್ಲ. ಕುಪವಾಡದಲ್ಲಿ ಲೇತ್ ಮಷಿನ್ ನಡೆಸುವ ನನಗೆ ಕ್ಯಾಮೆರಾದಲ್ಲಿ ಗೊತ್ತಿದ್ದುದು ಒಂದೇ ಗುಂಡಿ. ಮಗಳ ಮುಖ ಚೆನ್ನಾಗಿ ಕಾಣುವ ಒಂದು ಫೋಟೊ ಸಿಕ್ಕರೆ ಸಾಕು ಎಂದು ಬಂದಿದ್ದೆ. ಹೆಂಡತಿ ಮಾಡುತ್ತಿದ್ದಂತೆಯೇ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ, ಲೆನ್ಸಿನ ಸುತ್ತ ರಬ್ಬರ್ ಬ್ಯಾಂಡ್ ಸುತ್ತಿದ್ದೆ. ಗುಲಾಲಿನ ಪುಡಿ ಒಳಗೆ ಹೋದರೆ ಕ್ಯಾಮೆರಾ ಕೆಟ್ಟಂತೆ.

ಗುಲಾಲು ಬೀಳದ ಮೆರವಣಿಗೆ ನಮ್ಮಲ್ಲಿ ಮೆರವಣಿಗೆಯೇ ಅಲ್ಲ. ಈಗಂತೂ ಚೌಕದಲ್ಲಿ ಜೆಸಿಬಿ ನಿಲ್ಲಿಸಿ, ಅದರ ಬಕೆಟ್ಟಿನಿಂದಲೇ ಗೆದ್ದವರ ಮೇಲೆ ಸುರಿಯುತ್ತಾರೆ. ಆದರೆ ಸಾವಾದ ಮನೆಯವರು ವರ್ಷ ತುಂಬುವವರೆಗೆ ಗುಲಾಲು ಮುಟ್ಟುವುದಿಲ್ಲ. ಆ ನೇಮ ಕಾಯಲೆಂದೇ ಮಾಲಗಾಂವದಿಂದ ನನ್ನ ಅಕ್ಕ ಬಂದಿದ್ದಳು. ದೊಡ್ಡ ಕರಿ ಛತ್ರಿ ಹಿಡಿದು ತಾನೂ ಟ್ರೇಲರ್ ಹತ್ತಿ ಮಗಳ ತಲೆಯ ಮೇಲೆ ಬಿಚ್ಚಿದಳು.

"ಮಾವಶಿ, ಮಳಿ ಎಲ್ಲೈತ್ರಿ?" ಎಂದು ಯಾರೋ ಅಕ್ಕನನ್ನು ಕೂಗಿ ಕೇಳಿದರು.

"ಬರೂದೈತಿ, ನೀ ಸುಮ್ಮನ ನಡಿ!" ಅಂದಳು ಅಕ್ಕ.

ಫೋಟೊಗಾಗಿ ನಾನು ಟ್ರ್ಯಾಕ್ಟರಿನ ಮುಂದೆ, ಅದರ ಕಡೆಗೆ ಮುಖ ಮಾಡಿ, ಹಿಂದು ಹಿಂದಕ್ಕೆ ನಡೆಯುತ್ತಿದ್ದೆ. ಹಲಗೆಯವನೊಬ್ಬ ಬಾರಿಸುತ್ತಲೇ ಎಚ್ಚರಿಸಿದ: "ಕಾಕಾ, ಹಿಂದ ಖಡ್ಡಾ ಐತ್ರಿ! ಹಿಂಗ ನಡದ್ರ ಫೋಟೊ ಅಲ್ಲ, ಎಕ್ಸ್‌ರೇ ತಗಸಬೇಕಾಗ್ತೈತಿ!"

ಜನ ನಕ್ಕರು. ನಾನೂ ನಕ್ಕೆ. ಎಷ್ಟೋ ತಿಂಗಳಿಂದ ನಕ್ಕಿರಲಿಲ್ಲ.

ಮಗಳ ಮುಖ ಈಗ ನೇರವಾಗಿ ನನ್ನೆದುರಿಗಿತ್ತು. ಛತ್ರಿಯ ಕೆಳಗೆ ಚೊಕ್ಕ ಮುಖ. ನಾನು ಬೇಡಿಕೊಂಡು ಬಂದಿದ್ದ ಫೋಟೊ ಅದೇ. ಗುಂಡಿ ಒತ್ತಿದೆ, ಸಿಕ್ಕಿತು. ಆದರೆ ಅದರಲ್ಲಿ ಅವಳ ಸುತ್ತ ಕುಣಿಯುವ ಗೆಳತಿಯರಿದ್ದರು, ನಡುವೆ ಇವಳು ಬಸ್ ಕಾಯುವವಳಂತೆ ನಿಂತಿದ್ದಳು.

ಚೌಕ ಬಂತು. ಜೆಸಿಬಿಯ ತೋಳು ಮೇಲೆದ್ದಿತು. ಮಗಳು ಛತ್ರಿಯಡಿಯಿಂದ ಬಗ್ಗಿ ನನ್ನನ್ನು ಹುಡುಕಿದಳು.

"ಪಪ್ಪಾ! ನಾ ಒಬ್ಬಾಕಿನs ಹಿಂಗ ನಿಂದ್ರಲೇನು?"

ಕೊನೆಯ ಆಟದಲ್ಲಿ ಮೊಣಕಾಲು ತರಚಿಸಿಕೊಂಡು ಗೆದ್ದವರಲ್ಲಿ ಇವಳೂ ಒಬ್ಬಳು. ನಾನು ಯಾವತ್ತೂ ದನಿ ಎತ್ತುವವನಲ್ಲ. ಅವತ್ತು ಹಲಗೆಯ ಸದ್ದನ್ನು ಮೀರಿ ಕೂಗಿದೆ: "ಅಕ್ಕಾ, ಛತ್ರಿ ಮುಚ್ಚರಿ!"

"ತಲಿ ಕೆಟ್ಟೈತೇನೋ ನಿನಗ? ಜನ ಏನಂದಾರು?"

"ಅಂದ್ರ ನನಗ ಅನ್ನಲಿ! ಮುಚ್ಚರಿ!"

ಅಕ್ಕ ನನ್ನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಆಮೇಲೆ ಛತ್ರಿ ಮಡಚಿದಳು. ಆದರೆ ಕೆಳಗಿಳಿಯಲು ಹೊತ್ತಿರಲಿಲ್ಲ. ಬಕೆಟ್ ಬಾಗಿತು. ಆಕಾಶವೇ ಗುಲಾಬಿಯಾಗಿ ಕುಸಿದಂತಾಯಿತು. ಹುಡುಗಿಯರ ಚೀರಾಟ, ಹಲಗೆ, ಸೀಟಿ. ಏನೂ ಕಾಣದಿದ್ದರೂ ನಾನು ಒತ್ತುತ್ತಲೇ ಇದ್ದೆ.

ಮೆರವಣಿಗೆ ಮುಗಿದ ಮೇಲೆ ಅಕ್ಕನೂ ನಾನೂ ಕಟ್ಟೆಯ ಮೇಲೆ ಕೂತು ಫೋಟೊ ನೋಡಿದೆವು. ಒಂದರಲ್ಲಿ ಇಡೀ ಟ್ರೇಲರ್ ಬಂದಿತ್ತು. ಎಲ್ಲರೂ ಒಂದೇ ಬಣ್ಣ, ಕಾಣುವುದು ಹಲ್ಲು ಮಾತ್ರ. ನಡುವೆ ಅಕ್ಕ, ಬಾಯಿ ತೆರೆದುಕೊಂಡು.

"ಥೂ, ನನ್ನ ಯಾಕ ತಗದಿ?" ಎಂದು ಕೆನ್ನೆ ಒರೆಸಿಕೊಂಡಳು. ಆಮೇಲೆ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದಳು. "ಇದರಾಗ ನಮ್ಮಾಕಿ ಯಾರೋ?"

"ನೀವs ಹುಡಕ್ರಿ."

ಬಹಳ ಹೊತ್ತು ಹುಡುಕಿ ಒಬ್ಬಳ ಮೇಲೆ ಬೆರಳಿಟ್ಟಳು. "ಇಕಿನs. ನೋಡು, ಥೇಟ್ ಅವರವ್ವನಂಗ ನಗತಾಳ."

ಅದು ಬೇರೆ ಹುಡುಗಿ. ನಾನು ಹೌದೆಂದೆ.