ದೂರಿನ ಕಿಟಕಿಯ ರೋಮೇಡ್

ಫೆಬ್ರವರಿ ಬಂತೆಂದರೆ ನನಗೆ ಮನುಷ್ಯರ ಮುಖ ಕಂಡರಾಗುವುದಿಲ್ಲ. ಬೆಳಗ್ಗೆ ಕಿಟಕಿಯ ಪರದೆ ಎತ್ತುವ ಮೊದಲೇ ಹೊರಗೆ ಸಾಲು ನಿಂತಿರುತ್ತದೆ. ಸ್ಕೀ ಹಲಗೆ, ಕೋಲು, ಅಳುವ ಮಕ್ಕಳು, ನಿದ್ದೆಗೆಟ್ಟ ಅಪ್ಪಂದಿರು. ನಾನು ಹಿಂಟರ್‌ಮೂಸ್ ಎಂಬ ಹಿಮಬೆಟ್ಟದ ಊರಿನ ಕೇಬಲ್ ಕಾರಿನ ಕೆಳ ನಿಲ್ದಾಣದಲ್ಲಿ, ಪಿಂಚಣಿ ಬಂದ ಮೇಲೂ, ಟಿಕೆಟ್ ಕೊಡುವವಳು. ಹೆಸರು ಕ್ರೆಸೆಂಜ್, ಊರಿಗೆಲ್ಲ ಜೆಂಜಿ. ನನ್ನ ಪಕ್ಕದ ಕಿಟಕಿಯಲ್ಲಿ ರೋಮೇಡ್ ಫಾಲ್ಕ್ನರ್ ಕೂರುತ್ತಿದ್ದ. ಬೆಳಗ್ಗೆ ನನ್ನ ಮುಂದೆ ದುಡ್ಡು ಸುರಿದವರೇ ಮಧ್ಯಾಹ್ನ ಅವನ ಮುಂದೆ ಬೆಂಕಿ ಉಗುಳುತ್ತಿದ್ದರು, ಏಕೆಂದರೆ ಅವನದು ದೂರಿನ ಕಿಟಕಿ. ನಾನು ಜೇಬಿಗೆ ಕತ್ತರಿ ಹಾಕುವವಳು, ಅವನು ಗಾಯಕ್ಕೆ ಮುಲಾಮು ಹಚ್ಚುವವನು ಎಂದು ನಾವಿಬ್ಬರೂ ಹೇಳಿಕೊಂಡು ನಗುತ್ತಿದ್ದೆವು. ಆ ಮುಲಾಮಿನಲ್ಲಿ ಔಷಧವೇನೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ರೋಮೇಡ್ ಮೊದಲು ಈ ಕಿಟಕಿಯವನಲ್ಲ. ಪ್ರಾಯದಲ್ಲೆಲ್ಲ ಮೇಲಿನ ಕುರ್ಚಿ ಲಿಫ್ಟಿನ ಹತ್ತಿರ ನಿಂತು, ಬರುವ ಕುರ್ಚಿಯನ್ನು ಕೈಯಲ್ಲಿ ಹಿಡಿದು, ಜನರ ಮೊಣಕಾಲಿಗೆ ಬಡಿಯದಂತೆ ಮೆಲ್ಲಗೆ ಕೂರಿಸುತ್ತಿದ್ದ. ಕೊನೆಗೆ ಅವನ ಮೊಣಕಾಲುಗಳೇ ಕೈಕೊಟ್ಟವು. ಕಂಪನಿಯವರು ಅವನ ಮುಖ ನೋಡಿದರು. ಎಂಥ ಬೈಗುಳಕ್ಕೂ ಕೆಂಪಾಗದ, ಅಗಲವಾದ, ಹಸುವಿನಂಥ ಸಾಧು ಮುಖ. ತಂದು ಕಿಟಕಿಯ ಹಿಂದೆ ಕೂರಿಸಿದರು.

ಕೆಲಸದ ನಿಯಮ ಒಂದೇ. "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎನ್ನಬಹುದು, ಎಷ್ಟು ಸಲ ಬೇಕಾದರೂ ಎನ್ನಬಹುದು. "ನೀವು ಹೇಳುವುದು ಸರಿ" ಎಂದು ಮಾತ್ರ ಬಾಯಿ ತಪ್ಪಿಯೂ ಅನ್ನಕೂಡದು. ಹಾಗೆಂದರೆ ತಪ್ಪು ಒಪ್ಪಿಕೊಂಡಂತೆ, ನಾಳೆ ಕೋರ್ಟಿನಲ್ಲಿ ಅದೇ ಕೊರಳಿಗೆ ಉರುಳಾಗುತ್ತದೆ ಎಂದು ಕಂಪನಿಯ ವಕೀಲ ಹೇಳಿದ್ದನಂತೆ. ನಮ್ಮ ಮ್ಯಾನೇಜರ್ ಪ್ರಾಂಟ್ಲ್ ಇದನ್ನು ವಾರಕ್ಕೊಮ್ಮೆ ಜಪದಂತೆ ನಮ್ಮ ಕಿವಿಯಲ್ಲಿ ಊದುತ್ತಿದ್ದ.

ದೂರುಗಳಿಗೆ ಬರವಿತ್ತೆ? ಸುಳ್ಳು ದೂರುಗಳೂ ಇದ್ದವು. ಹಿಮ ತೀರಾ ಬಿಳಿ, ಕಣ್ಣು ಕುಕ್ಕುತ್ತದೆ ಎಂದು ಒಬ್ಬಳು ಬಂದಿದ್ದಳು. ಆದರೆ ಹೆಚ್ಚಿನವು ನಿಜವೇ.

"ಏನ್ರೀ, ಒಬ್ಬೊಬ್ಬರಿಗೆ ಎಪ್ಪತ್ತೆಂಟು ಯೂರೋ ತಗೊಂಡ್ರಿ. ಅರ್ಧ ದಿನ ಸಾಲಲ್ಲೇ ಕಳೀತು. ನಾನು ಬಂದಿದ್ದು ಸ್ಕೀ ಮಾಡೋಕಾ, ಮುಂದಿರೋನ ಬೆನ್ನು ನೋಡೋಕಾ?" ಎಂದ ಒಬ್ಬ ಡಚ್ಚಿನವ.

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ."

"ಇಳಿಜಾರು ಅಂತೀರಲ್ಲ, ಅದು ಇಳಿಜಾರಾ? ಮಿಷನ್ನಲ್ಲಿ ಮಾಡಿದ ಹಿಮದ್ದು ಒಂದು ಪಟ್ಟಿ, ಆಚೀಚೆ ಕೆಸರು. ಅದರ ಮೇಲೆ ಊರು ಊರೇ ಉರುಳ್ತಾ ಇದೆ. ನನ್ನ ಮಗಳ ಮೇಲೆ ಇಬ್ಬರು ಬಿದ್ರು!" ಎಂದಳು ಸ್ಟುಟ್‌ಗಾರ್ಟಿನ ಒಬ್ಬ ತಾಯಿ.

"ನಿಮ್ಮ ಬೇಸರ..."

"ಅರ್ಥ ಆಗತ್ತೆ, ಗೊತ್ತಾಯ್ತು ಬಿಡಿ. ನಿಮಗೇನು ಕೀಲಿ ಕೊಟ್ಟು ಕೂರಿಸಿದಾರಾ?"

ರೋಮೇಡ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸಂಜೆ ಪರದೆ ಇಳಿಸಿ, ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡು, "ಇವತ್ತು ಎಲ್ಲಾ ಸರಿಯಾಗೇ ಹೇಳಿದ್ರು, ಜೆಂಜಿ" ಎನ್ನುತ್ತಿದ್ದ. ಅದೂ ನನ್ನ ಹತ್ತಿರ ಮಾತ್ರ.

ಅವನ ಅಕ್ಕ ಫಿಲೋಮೇನಾಳ ವಿಷಯ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಮೇನಾ ಮತ್ತು ನಾನು ಶಾಲೆಯಲ್ಲಿ ಒಂದೇ ಡೆಸ್ಕಿನಲ್ಲಿ ಕೂತವರು. ಮದುವೆಯಾಗಿ ಲಿಂಜ್ ನಗರಕ್ಕೆ ಹೋದಳು, ಅಲ್ಲೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದಳು, ಅಲ್ಲೇ ವಿಧವೆಯಾದಳು. ಇವರ ಅಪ್ಪನಿಗೆ ಮೇಲೆ ಬೆಟ್ಟದಲ್ಲಿ, ಶಾಫ್‌ಕಾರ್ ಎಂಬ ಜಾಗದಲ್ಲಿ, ಹುಲ್ಲುಗಾವಲೂ ಒಂದು ಮರದ ಮನೆಯೂ ಇತ್ತು. ಬೇಸಿಗೆಯಲ್ಲಿ ಹಸುಗಳೊಂದಿಗೆ ಅಲ್ಲೇ ವಾಸ. ಚಳಿಗಾಲದಲ್ಲಿ ಒಣಹುಲ್ಲನ್ನು ಜಾರುಬಂಡಿಯಲ್ಲಿ ಇಳಿಸಲು ಅಕ್ಕತಮ್ಮ ಇಬ್ಬರೂ ಅಪ್ಪನ ಹಿಂದೆ ಹತ್ತುತ್ತಿದ್ದರು. ಆ ಮನೆಯ ಮುಂದೆ, ಬಿಸಿಲಿಗೆ ಮುಖ ಮಾಡಿ, ಒಂದು ಬೆಂಚು.

ನಮ್ಮ ಕಣಿವೆಯಲ್ಲಿ ಮನೆ ಮುಂದಿನ ಬೆಂಚು ಮನೆಯವರದಲ್ಲ, ದಾರಿಯವರದು. ಯಾರು ಬೇಕಾದರೂ ಕೇಳದೆ ಕೂರಬಹುದು. ಮನೆಯವರು ಒಂದು ಲೋಟ ಹಾಲನ್ನೋ ಒಂದು ಮಾತನ್ನೋ ತಂದು ಪಕ್ಕದಲ್ಲಿ ಕೂರುತ್ತಾರೆ. ಕೂತವನನ್ನು ಎಬ್ಬಿಸುವುದೆಂದರೆ ಉಣ್ಣುವವನ ಮುಂದಿನ ತಟ್ಟೆ ಎಳೆದಂತೆ. ಎಂಥ ಜಿಪುಣನೂ ಆ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ.

ಅಪ್ಪ ಸತ್ತ ಮೇಲೆ ಲಿಫ್ಟ್ ಕಂಪನಿ ಶಾಫ್‌ಕಾರನ್ನು ಮಾರಾಟಕ್ಕೆ ಕೇಳಿತು. ರೋಮೇಡ್ ಒಪ್ಪಿದ. ಮೇನಾ ಸುತರಾಂ ಒಪ್ಪಲಿಲ್ಲ. ಕೊನೆಗೆ ಇವನೇ ಲಿಂಜ್‌ವರೆಗೆ ರೈಲಿನಲ್ಲಿ ಹೋಗಿ, "ಮನೆ ಹೋದ್ರೆ ಹೋಗ್ಲಿ ಅಕ್ಕ, ಬೆಂಚು ಎಲ್ಲಿ ಹೋಗತ್ತೆ? ನಾನಿರೋವರ್ಗೂ ನಿನ್ನ ಜಾಗ ನಿಂದೇ" ಎಂದು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟು ಒಪ್ಪಿಸಿಬಂದ. ನಮ್ಮಲ್ಲಿ ಕೈ ಮೇಲೆ ಕೈ ಇಟ್ಟರೆ ಮುಗಿಯಿತು, ಅದರ ಮೇಲೆ ಇನ್ನೊಂದು ರುಜುವಾತು ಕೇಳುವುದಿಲ್ಲ. ಅವನಿಗೂ ಅಂದಿನ ಮ್ಯಾನೇಜರ್ ಬೆಂಚು ಮುಟ್ಟುವುದಿಲ್ಲ ಎಂದು ಹಾಗೆಯೇ ಕೈ ಮೇಲೆ ಕೈ ಇಟ್ಟಿದ್ದ. ಆದರೆ ಮ್ಯಾನೇಜರುಗಳು ಬರುತ್ತಾರೆ, ಹೋಗುತ್ತಾರೆ. ಇಟ್ಟ ಕೈಯನ್ನೂ ಜೊತೆಯಲ್ಲೇ ತೆಗೆದುಕೊಂಡು ಹೋಗುತ್ತಾರೆ ಎಂಬುದು ನಮ್ಮ ಪೆದ್ದು ತಲೆಗೆ ಹೊಳೆದಿರಲಿಲ್ಲ.

ಮನೆ ಹೋಟೆಲಾಯಿತು. ಪ್ರಾಂಟ್ಲ್ ಬಂದ ಮೇಲೆ ಬೆಂಚಿನ ಮೇಲೆ ಕುರಿಚರ್ಮ ಹಾಸಿ, ಊಟ ಹೇಳಿದವರಿಗೆ ಮಾತ್ರ, ಅದೂ ಮೊದಲೇ ಕಾದಿರಿಸಿದವರಿಗೆ ಮಾತ್ರ ಎಂದು ಫಲಕ ತೂಗುಹಾಕಿದರು. ರೋಮೇಡ್ ಅದರ ಬಗ್ಗೆಯೂ ದೂರು ಕೇಳಿದ, ಅದಕ್ಕೂ ಅದೇ ಮಾತು ಹೇಳಿದ. ಅಕ್ಕನಿಗೆ ಮಾತ್ರ ಏನೂ ತಿಳಿಸಲಿಲ್ಲ. ಅವಳು ಹೇಗೂ ಬರುವುದಿಲ್ಲ ಎಂದು ನಂಬಿದ್ದ.

ಬಂದಳು. ಫೆಬ್ರವರಿಯ ನಟ್ಟನಡುವಿನ ಶನಿವಾರ, ಎರಡು ದೇಶದ ಶಾಲೆಗಳಿಗೆ ಒಟ್ಟಿಗೆ ರಜೆ ಬಿದ್ದು ಎಳ್ಳು ಹಾಕಿದರೂ ನೆಲಕ್ಕೆ ಬೀಳದ ದಿನ, ನನ್ನ ಕಿಟಕಿಯಲ್ಲಿ ಬೂದು ಟೋಪಿಯ ಹೆಂಗಸೊಬ್ಬಳು "ಒಂದು ಟಿಕೆಟ್, ಹೋಗಿ ಬರೋಕೆ" ಎಂದಳು. ದನಿ ಕೇಳಿ ತಲೆ ಎತ್ತಿದೆ.

"ಮೇನಾ! ಯಾವ ಗಾಳಿ ಹೊತ್ಕೊಂಡು ಬಂತೇ ನಿನ್ನ? ರೋಮೇಡ್‌ಗೆ ಹೇಳಿದೀಯಾ?"

"ಇಲ್ಲ ಕಣೇ. ಮುಂದಿನ ತಿಂಗಳು ಸೊಂಟದ ಆಪರೇಷನ್ನು. ಆಮೇಲೆ ಹತ್ತೀನೋ ಇಲ್ವೋ. ಒಂದ್ಸಲ ಬೆಂಚಿನ ಮೇಲೆ ಕೂತು ಬಂದ್ಬಿಡೋಣ ಅನ್ನಿಸ್ತು. ಇಳಿದು ಬಂದು ಅವನ ಮುಂದೆ ನಿಂತ್ರೆ ಹೌಹಾರ್ತಾನೆ ನೋಡು."

ಬೆಂಚಿಗೆ ಫಲಕ ಬಿದ್ದದ್ದನ್ನು ನಾನು ಆಗಲೇ ಹೇಳಬೇಕಿತ್ತು. "ಇವತ್ತು ಬೇಡ ಮೇನಾ, ಜನ ಜಾಸ್ತಿ. ಅಷ್ಟೂ ಬೇಕಾದ್ರೆ ಕೆಲಸದವರ ಬಾಗಿಲಿಂದ ಬಿಡ್ತೀನಿ ಬಾ, ಟಿಕೆಟ್ಟೂ ಬೇಡ" ಎಂದಷ್ಟೇ ಹೇಳಲಾಯಿತು.

"ಹಿಂಬಾಗಿಲಿಂದ ಯಾಕೆ ಹೋಗ್ಲಿ? ನಾನೇನು ಕಳ್ಳಿನಾ? ಎಲ್ರ ಹಾಗೆ ನಿಲ್ತೀನಿ" ಎಂದು ದುಡ್ಡು ತಳ್ಳಿದಳು. ಸ್ಕೀ ಹಲಗೆ ಇಲ್ಲದೆ ಸುಮ್ಮನೆ ಮೇಲೆ ಹೋಗಿಬರುವವರಿಗೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ಅವಳು ಬೆಲೆ ನೋಡಿ, ಇನ್ನೊಂದು ನೋಟು ಸೇರಿಸಿ ಸಾಲಿಗೆ ಹೋದಳು.

ಹೊತ್ತು ಇಳಿಯುವಾಗ ದೂರಿನ ಕಿಟಕಿಯ ಮುಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಮೇನಾ ಅದರಲ್ಲೂ ನಿಂತೇ ಬಂದಳು. ಒಂದು ಕೈ ಸೊಂಟದ ಮೇಲೆ, ಮುಖ ಸುಣ್ಣದಂತೆ. ಪ್ರಾಂಟ್ಲ್ ಅಂದು ಸಂದಣಿ ನೋಡಿ ತಾನೇ ಇಳಿದುಬಂದು ರೋಮೇಡನ ಕುರ್ಚಿಯ ಹಿಂದೆ ನಿಂತಿದ್ದ.

ಅಕ್ಕನನ್ನು ಕಂಡ ರೋಮೇಡ್ ಅರ್ಧ ಎದ್ದು, ಮತ್ತೆ ಕೂತ.

"ನಾನೂ ದೂರು ಕೊಡಕ್ಕೇ ಬಂದಿದೀನಿ" ಎಂದಳು ಮೇನಾ. ದನಿ ಏರಿಸಲಿಲ್ಲ. "ಸಾಲಲ್ಲಿ ನಿಂತೆ, ಅದು ಹೋಗ್ಲಿ. ಮೇಲೆ ಹೋದ್ರೆ ನಮ್ಮನೆ ಬಾಗಿಲಲ್ಲಿ ಸಂತೆ. ಬೆಂಚಿನ ಮೇಲೆ ಕೂತೆ. ಒಬ್ಬ ಹುಡುಗ ಬಂದು ಏಳಿ ಅಂದ. ಸೂಪು ತಗೋತೀನಿ ಅಂದೆ. ಆದ್ರೂ ಏಳಿ, ಬೇರೆಯವರ ಹೆಸರಲ್ಲಿದೆ ಅಂದ. ಅಪ್ಪ ಕೆತ್ತಿದ ಬೆಂಚಿಂದ ನನ್ನ ಎಬ್ಬಿಸಿದ್ರು ಕಣೋ ರೋಮೇಡ್. ನಾನು ಎದ್ದೆ. ಗೋಡೆ ಒರಗಿ ನಿಂತು ಸೂಪು ಕುಡಿದು ಬಂದೆ. ದುಡ್ಡು ವಾಪಸ್ ಬೇಡ ನಂಗೆ. ನೀನು ಒಂದೇ ಒಂದು ಹೇಳು. ನಾನು ಹೇಳ್ತಿರೋದು ಸರಿನೋ ತಪ್ಪೋ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಭಾಷೆ ಬಾರದವರಿಗೂ ಏನೋ ನಡೆಯುತ್ತಿದೆ ಎಂದು ಗೊತ್ತಾಗಿತ್ತು. ಪ್ರಾಂಟ್ಲ್ ಗಂಟಲು ಸರಿಮಾಡಿಕೊಂಡ. ರೋಮೇಡನಿಗೆ ಪಿಂಚಣಿಗೆ ಇನ್ನೆರಡು ಚಳಿಗಾಲ ಬಾಕಿ. ಅವನು ಅಕ್ಕನ ಮುಖ ನೋಡಲಿಲ್ಲ, ಗಾಜಿನ ಕೆಳಗಿನ ಕಿಂಡಿಯನ್ನು ನೋಡುತ್ತ ಹೇಳಿದ:

"ಮೇಡಂ, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ."

ಅವನನ್ನು ಹಿಡಿದು ಎರಡು ಬಾರಿಸೋಣ ಎನ್ನಿಸಿತು ನನಗೆ. ಮೇನಾ ಮಾತ್ರ ಬೈಯಲಿಲ್ಲ. ಅವನನ್ನೇ ನೋಡಿ, "ಸೊರಗಿದೀಯ ಕಣೋ. ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಹೇಳಿ, ಹಿಂದಿದ್ದವನಿಗೆ ಜಾಗ ಬಿಟ್ಟು ಹೊರಟುಹೋದಳು.

ಪರದೆ ಇಳಿಸಿದ ಮೇಲೆ ನಾನು ತಡೆಯಲಾರದೆ ಉಗಿದೆ. "ಮೇಡಮ್ಮಂತೆ ಮೇಡಂ! ಎತ್ತಿ ಆಡಿಸಿದ ಅಕ್ಕ ಅವಳು. ನಿನ್ನ ಬಾಯಿಗೆ ಮಣ್ಣು ಹಾಕ!"

"ಇನ್ನೆರಡು ಚಳಿಗಾಲ, ಜೆಂಜಿ" ಎಂದ.

"ಆಮೇಲೆ ಏನ್ಮಾಡ್ತೀಯ? ಯಾರ ಪಕ್ಕ ಹೋಗಿ ಕೂರ್ತೀಯ?"

ಅವನು ಕೋಟು ಹಾಕಿಕೊಳ್ಳತೊಡಗಿದ. ಒಂದು ತೋಳು ಸಿಗದೆ ಬಹಳ ಹೊತ್ತು ತಡಕಾಡುತ್ತಿದ್ದ. ಸಿಟ್ಟಿನಲ್ಲಿ ನಾನು ಸಹಾಯಕ್ಕೂ ಹೋಗಲಿಲ್ಲ.

ಭಾನುವಾರ ದೂರಿನ ಕಿಟಕಿಯ ಪರದೆ ಏಳಲೇ ಇಲ್ಲ. ಪ್ರಾಂಟ್ಲ್ ಹಾರಾಡಿ, ಎರಡೂ ಕಿಟಕಿಯನ್ನು ನೀನೇ ನೋಡಿಕೋ ಎಂದು ನನ್ನ ತಲೆಗೆ ಕಟ್ಟಿದ. ರೋಮೇಡ್ ಎಲ್ಲಿ ಎಂದು ಗೇಟಿನವನನ್ನು ಕೇಳಿದರೆ, "ಅಕ್ಕನ ಜೊತೆ ಮೇಲೆ ಹೋದ್ನಲ್ಲ. ಎಲ್ರ ಹಾಗೆ ಸಾಲಲ್ಲಿ ನಿಂತಿದ್ದ, ಅವಳ ಚೀಲ ಹಿಡ್ಕೊಂಡು" ಎಂದ. ನಾನು ಒಂದು ಕೈಯಲ್ಲಿ ಟಿಕೆಟ್ ಕೊಡುತ್ತ ಇನ್ನೊಂದು ಕಿವಿಯಲ್ಲಿ ಬೈಗುಳ ಕೇಳುತ್ತ ಮಧ್ಯಾಹ್ನದವರೆಗೆ ಎಳೆದೆ. ಆಗ ದೂರಿನ ಮೇಜಿನ ಫೋನು ಬಡಿದುಕೊಂಡಿತು. ಮೇಲಿನ ಹೋಟೆಲಿನ ಹಂಗೇರಿಯ ಮಾಣಿ, ಲೆವೆಂತೆ.

"ಅಮ್ಮಾ, ದೂರಿನ ಆಫೀಸಾ? ಇಲ್ಲಿ ಬೆಂಚಿನ ಮೇಲೆ ಒಬ್ಬ ಮುದುಕಪ್ಪ, ಒಬ್ಬ ಅಜ್ಜಿ ಬೆಳಗ್ಗೆಯಿಂದ ಕೂತವರು ಏಳ್ತಾನೇ ಇಲ್ಲ. ಮನೆಯಿಂದ ರೊಟ್ಟಿ, ಹಂದಿಮಾಂಸ ತಂದ್ಕೊಂಡು ಚಾಕೂಲಿ ಕುಯ್ಕೊಂಡು ತಿಂತಾ ಇದಾರೆ. ಕೇಳಿದ್ರೆ ಮುದುಕಪ್ಪ, ನಾನೇ ದೂರಿನ ಆಫೀಸಿನವನು, ಈ ಗಿರಾಕಿ ದೂರು ಕೇಳೋಕೆ ಖುದ್ದು ಬಂದಿದೀನಿ ಅಂತಾನೆ."

"ಆ ಅಮ್ಮ ಏನಂತಾರೆ?"

"ಅವರು ಒಂದೊಂದಾಗಿ ಹೇಳ್ತಾ ಇದಾರೆ. ಈಯಪ್ಪ ಪ್ರತಿಯೊಂದಕ್ಕೂ 'ನೀನು ಹೇಳೋದು ಸರಿ' ಅಂತ ತಲೆ ಆಡಿಸ್ತಾನೆ. ಅದನ್ನ ಕೇಳ್ಕೊಂಡು ಬೇರೆ ಜನಾನೂ ಬಂದು ಮುಂದೆ ಸಾಲು ನಿಂತಿದಾರೆ ಅಮ್ಮಾ. ಲಿಫ್ಟು, ಸೂಪು, ಹಿಮ, ಬಾಯಿಗೆ ಬಂದಿದ್ದೆಲ್ಲ ಹೇಳ್ತಿದಾರೆ. ಎಲ್ರಿಗೂ ಸರಿ, ನೀವು ಹೇಳೋದು ಸರಿ ಅಂತಾನೆ. ಒಬ್ಬ ಡಚ್ಚಿನವನು ಅತ್ತೇಬಿಟ್ಟ. ನಾನೇನ್ ಮಾಡ್ಲಿ?"

ಪ್ರಾಂಟ್ಲ್ ಒಳಗಿನ ಕೋಣೆಯಿಂದ "ಯಾರದು ಫೋನು?" ಎಂದು ಕೂಗಿದ. ನಾನು ಬೆನ್ನು ತಿರುಗಿಸಿ, ಫೋನನ್ನು ಆ ಮುದುಕಪ್ಪನ ಹತ್ತಿರ ಹಿಡಿ ಎಂದು ಲೆವೆಂತೆಗೆ ಪಿಸುಗುಟ್ಟಿದೆ. ರೋಮೇಡನಿಗೆ ಬೈದದ್ದಕ್ಕೆ ಒಂದು ಮಾತು ಹೇಳಬೇಕೆಂದಿದ್ದೆ. ಗದ್ದಲ ಕೇಳಿಸಿತು, ಬೂಟುಗಳ ಸದ್ದು, ಯಾರದೋ ನಗು. ಅದರೊಳಗಿಂದ ಮೇನಾಳ ದನಿ.

"...ಆಮೇಲೆ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟು, ಬೆಂಚು ಹೋಗಿದ್ದನ್ನ ನಂಗೆ ತಿಳಿಸ್ಲೇ ಇಲ್ಲ ನೀನು. ಒಂದು ಫೋನು ಮಾಡ್ಲಿಲ್ಲ."

"ಸರಿ ಅಕ್ಕ. ನೀನು ಹೇಳೋದು ಸರಿ."

"ನಿನ್ನೆ ಅಷ್ಟು ಜನರ ಮುಂದೆ ನನ್ನ ಮೇಡಂ ಅಂದೆ."

ಅವನು ಮೂಗು ಎಳೆದುಕೊಂಡ ಸದ್ದು ಬಂತು. ಕಿಟಕಿಯಾಚೆ ಯಾರೋ ಗಾಜು ತಟ್ಟುತ್ತಿದ್ದರು, ನಾನು ಅತ್ತ ನೋಡಲಿಲ್ಲ.

"ಸಾಕು ಬಿಡೋ" ಎಂದಳು ಮೇನಾ. "ರೊಟ್ಟಿ ತಿನ್ನು. ಕೆಳಗಿಳಿದ್ಮೇಲೆ ನಿಂಗೆ ಕೆಲಸ ಇರಲ್ಲ."