ಕೆಂಪು ದಾರದ ಮೀನು

ಇಳಕಲ್ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನನ್ನ ಗಾಳದ ಚೀಲವನ್ನು ಮೇಲಿಂದ ಕೆಳಗೆ ನೋಡಿ, ಇದೇನು ಪರದೆ ಕಟ್ಟುವ ಕೋಲೇ ಎಂದು ಕೇಳಿದ. ಮೀನು ಹಿಡಿಯುವ ಕೋಲು ಎಂದೆ. ಅವನು ನನ್ನ ಹಣೆಯ ವಿಭೂತಿಯನ್ನು ನೋಡಿದ, ಕೈಯಲ್ಲಿದ್ದ ಆಧಾರ್ ಕಾರ್ಡನ್ನು ನೋಡಿದ. ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟಿಲ್ಲ, ಕೋಲಿಗೆ ಮಾತ್ರ ಲಗೇಜು ತೆಗೆಸಬೇಕು ಎಂದು ಅವನ ಹಟ. ಕೋಲೂ ಹೆಣ್ಣೇ, ಹಾಗಂತ ಬರೆದುಕೋ ಎಂದೆ. ಹಿಂದಿನ ಸೀಟಿನವರು ನಕ್ಕರು, ಅವನೂ ನಕ್ಕು ಮುಂದೆ ಹೋದ. ನಿವೃತ್ತಿಗೆ ಬಂದ ಹೈಸ್ಕೂಲ್ ಟೀಚರು ಗಾಳ ಹೊತ್ತು ಸ್ಪರ್ಧೆಗೆ ಹೊರಟರೆ ಜನ ನಗುವುದು ನನಗೆ ಹೊಸದೇನಲ್ಲ.

ಆದರೆ ಆ ಸಲ ಹೊರಟದ್ದು ಬಹುಮಾನಕ್ಕಲ್ಲ. ನನ್ನ ಅಣ್ಣ ಮಲ್ಲಣ್ಣ ಎರಡು ಮಳೆಗಾಲದ ಹಿಂದೆ ಬಾಗಲಕೋಟೆಯ ಹಿನ್ನೀರಿಗೆ ಒಬ್ಬನೇ ಗಾಳ ಹಾಕಲು ಹೋದವನು ತಿರುಗಿ ಬರಲಿಲ್ಲ. ತೆಪ್ಪ ಮಗುಚಿ ತೇಲುತ್ತಿತ್ತು, ಚಪ್ಪಲಿ ದಂಡೆಯ ಮೇಲೆ ಜೋಡಿಸಿಟ್ಟಂತೆ ಇದ್ದವು. ಮುಳುಗು ಹಾಕುವವರು ಹುಡುಕಿದರು, ದೇಹ ಸಿಗಲಿಲ್ಲ. ಮಣ್ಣು ಮಾಡಲು ಏನೂ ಇಲ್ಲದ ಮನೆಯಲ್ಲಿ ಅಳುವುದೂ ಅರ್ಧಕ್ಕೇ ನಿಲ್ಲುತ್ತದೆ. ಬಾದಾಮಿಯಲ್ಲಿರುವ ಗಿರಿಜಾ ವೈನಿ, ಅಣ್ಣನ ಹೆಂಡತಿ, ಅಂದಿನಿಂದ ತಾಳಿ ತೆಗೆಯಲೂ ಆಗದೆ, ನೆಮ್ಮದಿಯಿಂದ ಇಟ್ಟುಕೊಳ್ಳಲೂ ಆಗದೆ ಇದ್ದಳು. ಹಿಂದಿನ ವಾರ ಫೋನು ಮಾಡಿದ್ದಳು. ಇದ್ದಾನೋ ಇಲ್ಲವೋ ಎರಡರಲ್ಲಿ ಒಂದು ಮಾತು ತಂದು ಹೇಳು, ನಡುವೆ ನಿಂತು ಸಾಕಾಯಿತು ಎಂದಿದ್ದಳು. ಮರುದಿನವೇ ಬಾಗಲಕೋಟೆಯಿಂದ ತೆಪ್ಪದ ಮೌಲಾಸಾಬ ಫೋನು ಮಾಡಿದ. ಅವನ ಬಲೆಗೆ ಬೆನ್ನಿನ ರೆಕ್ಕೆಗೆ ಕೆಂಪು ದಾರ ಕಟ್ಟಿದ ಮೀನೊಂದು ಸಿಕ್ಕಿತ್ತಂತೆ. ಹೆದರಿ ಮರಳಿ ನೀರಿಗೆ ಬಿಟ್ಟುಬಿಟ್ಟನಂತೆ. ಅದೇ ಹಿನ್ನೀರಿನಲ್ಲಿ ಈ ವಾರ ಗಾಳದ ಸ್ಪರ್ಧೆ ಇತ್ತು, ಹೆಸರು ಕೊಟ್ಟೆ.

ಆ ದಾರದ ಸಂಗತಿ ಹೇಳಬೇಕು. ನಮ್ಮದು ತತ್ತಿಯನ್ನೂ ಮನೆಯೊಳಗೆ ಬಿಡದ ಮನೆ. ಅಂಥಲ್ಲಿ ಅಣ್ಣನಿಗೂ ನನಗೂ ಚಿಕ್ಕಂದಿನಿಂದಲೇ ಗಾಳದ ಹುಚ್ಚು ಹಿಡಿದಿತ್ತು. ಹಳೆ ಬಾಗಲಕೋಟೆಯ ನಮ್ಮ ಓಣಿಯಿಂದ ಇಳಿದರೆ ಹೊಳೆ, ಸಾಲಿ ಬಿಟ್ಟರೆ ನಾವು ಹೊಳೆಯಲ್ಲೇ. ಹಿಡಿದದ್ದನ್ನು ಬಿಡುತ್ತಿದ್ದೆವು, ತಿನ್ನುವ ಮಾತೇ ಇಲ್ಲ. ಆದರೂ ಅವ್ವನಿಗೆ ಸಂಕಟ. ಒಂದು ದಿನ ನಮ್ಮನ್ನು ಕೂರಿಸಿ, ಹಿಡಿಯುವುದು ಬಿಡಲಾರಿರಿ, ಒಮ್ಮೆ ನೋಯಿಸಿದ್ದಕ್ಕೆ ಒಂದು ಗುರುತನ್ನಾದರೂ ಕಟ್ಟಿರಿ, ಗುರುತು ಕಂಡರೆ ಮತ್ತೆ ಎಂದೂ ಅದರ ತಂಟೆಗೆ ಹೋಗಬೇಡಿರಿ ಎಂದಳು. ಅಂದಿನಿಂದ ಹಿಡಿದ ಪ್ರತಿ ಮೀನಿಗೂ ಸೂಜಿಯಿಂದ ಒಂದೆಳೆ ಕೆಂಪು ರೇಷ್ಮೆ ಕಟ್ಟಿ ಬಿಡುವುದು ನಮ್ಮ ಪದ್ಧತಿಯಾಯಿತು. ಮುಂದೆ ಸ್ಪರ್ಧೆಗಳಲ್ಲೂ ಹಾಗೇ ಮಾಡಿದೆವು, ಜನ ಆಡಿಕೊಂಡರು. ನಾನು ಇಳಕಲ್ಲಿಗೆ ಬಂದ ಮೇಲೆ ನಮ್ಮಿಬ್ಬರ ದಾರವೂ ಇಲ್ಲಿನ ನನ್ನ ಓಣಿಯ ಗಂಗವ್ವನ ಮಗ್ಗದ್ದು, ಸೀರೆಯ ಸೆರಗಿಗೆ ಹಾಕಿ ಉಳಿದದ್ದು. ಅಣ್ಣ ಎಡಚ. ಅವನ ಗಂಟು ಎಡಕ್ಕೆ ಹೊರಳುತ್ತದೆ, ನನ್ನದು ಬಲಕ್ಕೆ. ಅವನು ಹೋದ ಮೇಲೆ ನಾನು ಗಾಳವನ್ನೂ ಮುಟ್ಟಿರಲಿಲ್ಲ, ದಾರವನ್ನೂ ಮುಟ್ಟಿರಲಿಲ್ಲ.

ಹುನಗುಂದದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಮೀನಗಡದಲ್ಲಿ ವೈನಿಗೆಂದು ಕರದಂಟು ತೆಗೆದುಕೊಂಡೆ. ಚಳಿಗಾಲ ಮುಗಿಯುತ್ತ ಬಂದಿತ್ತು, ದಾರಿಯುದ್ದಕ್ಕೂ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ನವನಗರದ ಒಂದು ಖಾನಾವಳಿಯ ಮೇಲಿನ ಕೋಣೆಯಲ್ಲಿ ಇಳಿದುಕೊಂಡೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಲ್ಲ ಚೆನ್ನಾಗಿಯೇ ಇದ್ದಿರಬೇಕು. ನನಗೆ ರುಚಿ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಹಿನ್ನೀರಿನ ದಂಡೆಗೆ ಹೋದಾಗ ಮಂಜು ಇನ್ನೂ ಸರಿದಿರಲಿಲ್ಲ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳೆ ಊರಿನ ಡಾಂಬರು ರಸ್ತೆ ಸೀದಾ ನೀರಿಗೆ ಇಳಿದು ಹೋಗುತ್ತದೆ, ಯಾರೋ ನಡೆದು ಹೋದ ಹಾಗೆ. ಒಂದು ಲೈಟಿನ ಕಂಬ ಅರ್ಧ ಮುಳುಗಿ ನಿಂತಿತ್ತು. ಸ್ಪರ್ಧೆಯವರು ಚೀಟಿ ಎತ್ತಿಸಿದರು. ನನ್ನ ಪಾಲಿಗೆ ಬಂದ ಜಾಗದ ಎದುರಿನ ನೀರಿನಡಿ ನಾವು ಹುಟ್ಟಿ ಬೆಳೆದ ಓಣಿ ಇತ್ತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಜೋಳದ ಹಿಟ್ಟಿಗೆ ಶೇಂಗಾದ ಹಿಂಡಿ, ಬೆಲ್ಲ ಕಲಸಿ ಉಂಡೆ ಮಾಡಿ ಹಾಕಿದೆ. ಅದು ಅಣ್ಣನ ಪಾಕ. ಅಕ್ಕಪಕ್ಕದವರ ಮಾತು ಮಂಜಿನಲ್ಲಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಎರಡು ಸಲ ಗಾಳ ಕೆಳಗೆ ಏನಕ್ಕೋ ಸಿಕ್ಕಿಕೊಂಡಿತು. ಯಾರ ಮನೆಯ ಚೌಕಟ್ಟೋ, ಯಾರ ತುಳಸಿಕಟ್ಟೆಯೋ. ಎಳೆದಾಗ ಸುಮ್ಮನೆ ಬಿಟ್ಟುಕೊಟ್ಟಿತು, ಒಳಗಿನಿಂದ ಯಾರೋ ಬಿಡಿಸಿ ಕೊಟ್ಟಂತೆ. ನನಗೆ ಹೆದರಿಕೆಯಾಯಿತು. ಇಷ್ಟು ವಯಸ್ಸಾದ ಮೇಲೂ ಹೆದರಿದೆ ಎಂದು ಬರೆಯಲು ನಾಚಿಕೆಯೇನಿಲ್ಲ.

ಮೂರನೇ ಸಲ ಬೆಂಡು ಮುಳುಗಿತು. ಎಳೆದರೆ ಸಣ್ಣ ರೋಹು ಮೀನು. ಅಂಗೈಯಲ್ಲಿ ಹಿಡಿದು ಹೊರಳಿಸಿದೆ. ಬೆನ್ನಿನ ರೆಕ್ಕೆಯ ಬುಡದಲ್ಲಿ ಕೆಂಪು ದಾರ, ಗಂಟು ಎಡಕ್ಕೆ.

ಮೌಲಾಸಾಬ ತೆಪ್ಪ ಬಿಟ್ಟು ನನ್ನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ಇದರ ವಯಸ್ಸೆಷ್ಟು ಎಂದು ಕೇಳಿದೆ. ನನಗೇ ಗೊತ್ತಿತ್ತು. ಆದರೂ ಬೇರೆಯವರ ಬಾಯಿಂದ ಕೇಳಬೇಕಿತ್ತು.

"ಹೋದ ಮಳಿಗಾಲದ ಮರಿ ಐತ್ರಿ ಇದು," ಎಂದ. ಬೆನ್ನಿನ ದಾರವನ್ನು ನೋಡಿ, "ಮಲ್ಲಣ್ಣಾರು ಹೋದಾಗ ಇದು ಹುಟ್ಟೇ ಇದ್ದಿಲ್ರಿ," ಎಂದ.

ಮೀನನ್ನು ನೀರಿಗೆ ಬಿಟ್ಟೆ. ಗುರುತು ಕಟ್ಟಿದ್ದನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಸ್ಪರ್ಧೆಯವರು ತೂಕಕ್ಕೆ ಹಾಕದೆ ಬಿಟ್ಟಿದ್ದಕ್ಕೆ ಅಂಕವಿಲ್ಲ ಎಂದರು. ಇಟ್ಟುಕೊಳ್ಳಿರಿ ನಿಮ್ಮ ಅಂಕ ಎಂದು ಚೀಲ ಕಟ್ಟಿದೆ. ಅಣ್ಣ ಇದ್ದಾನೆ ಎಂದು ಎದೆ ಕುಣಿಯುತ್ತಿತ್ತು. ಅದರ ಹಿಂದೆಯೇ, ಇದ್ದವನು ಎಲ್ಲಿದ್ದಾನೆ ಎಂಬ ಪ್ರಶ್ನೆಯೂ ಎದ್ದಿತು.

ಕೆರೂರಿನ ಮೇಲೆ ಬಾದಾಮಿಗೆ ಹೋಗುವ ಬಸ್ಸು ಹಿಡಿದೆ. ಕೆರೂರಿನಲ್ಲಿ ಸಂತೆಯ ಗದ್ದಲ. ಮೆಣಸಿನಕಾಯಿ ಚೀಲಗಳ ನಡುವೆ ಬೆನ್ನು ಮಾಡಿ ನಿಂತ ಗಂಡಸರನ್ನೆಲ್ಲ ಕಿಟಕಿಯಿಂದ ನೋಡಿದೆ. ಎಲ್ಲರ ಬೆನ್ನೂ ಅಣ್ಣನದರಂತೆಯೇ ಕಂಡಿತು, ತಿರುಗಿದರೆ ಯಾರೂ ಅವನಲ್ಲ.

ಸಂಜೆ ಬಾದಾಮಿ ತಲುಪಿದೆ. ವೈನಿ ದವಾಖಾನೆಯಲ್ಲಿ ನರ್ಸು, ಮಾತು ಕಡಿಮೆ. ನಾನು ಎಲ್ಲ ಹೇಳಿ ಮುಗಿಸುವವರೆಗೂ ಜೋಳದ ಹಿಟ್ಟು ನಾದುತ್ತಲೇ ಇದ್ದಳು. ಸಂತೋಷಪಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದೆ. ಕೈ ತೊಳೆದುಕೊಂಡು, ನಾಳೆ ಮುಂಜಾನೆ ಮಹಾಕೂಟಕ್ಕೆ ಹೋಗೋಣ, ನಿನಗೆ ಒಂದು ತೋರಿಸುವುದಿದೆ ಎಂದಳು ಅಷ್ಟೇ.

ಟಂಟಂ ರಿಕ್ಷಾದಲ್ಲಿ ಹೋದೆವು. ಮಹಾಕೂಟದ ಹೊಂಡ ಎಂದಿನಂತೆ ತುಂಬಿತ್ತು. ಅದು ಸೆಲೆಯ ನೀರು, ಹೊಳೆಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಹಾಕಿದರೆ ಪೂಜಾರಿಗಳು ಸುಮ್ಮನಿರುವುದೂ ಇಲ್ಲ. ನಾಲ್ಕು ಜನ ಭಕ್ತರು ಮುಳುಗು ಹಾಕಿ ಹೋದರು, ನೀರು ಮತ್ತೆ ತಿಳಿಯಾಯಿತು. ವೈನಿ ಮೆಟ್ಟಿಲ ಮೇಲೆ ಕೂತು ಮಂಡಾಳ, ಅದೇ ಮಂಡಕ್ಕಿ, ಎರಚಿದಳು. ಮೀನುಗಳು ಬಂದವು. ಬೆರಳುದ್ದದವು, ಗೇಣುದ್ದದವು. ಒಂದರ ಬೆನ್ನಿನ ಮೇಲೆ ಕೆಂಪು ಎಳೆ. ಅದರ ಹಿಂದೆ ಇನ್ನೊಂದು. ಆ ಬೆಳಗಿನ ಬಿಸಿಲಲ್ಲಿ ಬಗ್ಗಿ ನೋಡಿದೆ, ಗಂಟು ಎಡಕ್ಕೆ.

ಹೋದ ವರ್ಷ ಶಿವರಾತ್ರಿಗೆ ಬಂದಾಗ ಒಂದೂ ಇರಲಿಲ್ಲ, ಈಚೆಗೆ ಪ್ರತಿ ಸಲ ಬಂದಾಗಲೂ ಒಂದೊಂದು ಹೆಚ್ಚು ಕಾಣುತ್ತದೆ ಎಂದಳು. ಹಾಗಾದರೆ ಅಣ್ಣ ಜೀವಂತ ಇದ್ದಾನೆ, ನೀವು ಗಟ್ಟಿ ಮನಸ್ಸು ಮಾಡಿರಿ ಎಂದು ನಾನು ಏನೇನೋ ಹೇಳಿದೆ. ಅವಳು ತಾಳಿಗೆ ಕೈ ಹಾಕಿದಳು.

"ವೈನಿ, ತಗಿಬ್ಯಾಡ್ರಿ. ಅಂವ ಇದ್ದಾನ್ರಿ."

"ಇಲ್ಲಿ ತನಕ ಬಂದಾನ, ಶಾಂತಾ. ಗುಡ್ಡಾ ದಾಟಿದ್ರ ಮನಿ. ಮನಿ ತನಕ ಬಂದಿಲ್ಲ," ಎಂದಳು. "ಸತ್ತಿದ್ರ, ಮಂದಿ ಏನ ಅಂದ್ರೂ, ಜೀವ ಇರೂ ತನಕ ಹಾಕ್ಕೊಂಡಿರ್ತಿದ್ದೆ. ಇದ್ದೂ ಬರಲಿಲ್ಲಂದ್ರ ಯಾರ ಸಲುವಾಗಿ ಹಾಕ್ಕೊಳ್ಳಿ?"

ತಾಳಿಯನ್ನು ನೀರಿಗೆ ಹಾಕುತ್ತಾಳೆಂದು ನಾನು ಅವಳ ಕೈ ಹಿಡಿದೆ. ಬಂಗಾರ ನೀರಿಗೆ ಎಸೆಯಲು ನನಗೇನು ಹುಚ್ಚೇ ಎಂದು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡಳು. ಆಮೇಲೆ ಅತ್ತಳು. ನಾನೂ ಅತ್ತೆ. ನಾನು ತಂದ ಮಾತು ಅವಳಿಗೆ ಗಂಡನನ್ನು ಕೊಡಬೇಕಿತ್ತು, ಇದ್ದದ್ದನ್ನೂ ಕಸಿದುಕೊಂಡಿತು.

ಮಧ್ಯಾಹ್ನ ಬಾದಾಮಿ ನಿಲ್ದಾಣದಲ್ಲಿ ವೈನಿ ನನ್ನನ್ನು ಬಸ್ಸು ಹತ್ತಿಸಿ, ಅವನ ಗುರುತು ಮತ್ತೆ ಎಲ್ಲಿಯಾದರೂ ಕಂಡರೆ ತನಗೆ ಹೇಳಬೇಡ ಎಂದಳು. ಅವಳಿಗೆ ಮಧ್ಯಾಹ್ನದ ಪಾಳಿ ಇತ್ತು, ನಿಲ್ಲದೆ ಹೋದಳು. ಬಸ್ಸು ಗುಡೂರಿನಲ್ಲಿ ಬಹಳ ಹೊತ್ತು ನಿಂತಿತು. ಜೋಳದ ಹೊಲಗಳ ಮೇಲೆ ಒಂದು ಹಕ್ಕಿಯೂ ಇರಲಿಲ್ಲ, ಅಥವಾ ನನಗೆ ಹಾಗೆ ಕಂಡಿತು. ವೈನಿಯ ಮೇಲೆ ಸಿಟ್ಟು, ಅಣ್ಣನ ಮೇಲೆ ಅದಕ್ಕಿಂತ ಸಿಟ್ಟು. ನನ್ನ ಬಳಿಗಾದರೂ ಬರಬಹುದಿತ್ತಲ್ಲ ಎಂಬುದೇ ನನ್ನ ದೊಡ್ಡ ಸಿಟ್ಟು.

ಇಳಕಲ್ಲಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಓಣಿಯ ತಿರುವಿನಲ್ಲಿ ಗಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಈಗ ಕಣ್ಣು ಕಾಣುವುದಿಲ್ಲ, ಮಗ ಮಗ್ಗ ನಡೆಸುತ್ತಾನೆ. ಯಾರು ಬಂದರೂ ಕೈ ಮುಟ್ಟಿ ಗುರುತು ಹಿಡಿಯುತ್ತಾಳೆ. ನನ್ನ ಕೈ ಹಿಡಿದವಳೇ ನಕ್ಕಳು.

"ನಿಮ್ಮಣ್ಣ ಬಂದಿದ್ದನವ್ವಾ ಇವತ್ತ ಮುಂಜಾನೆ. ಬಂದನಲ್ಲ ಅಂತ ನನಗೂ ಜೀವ ತಣ್ಣಗಾತು. ದಾರ ಕೇಳಿದ. ಕೆಂಪಂದು ಒಂದು ಗೇಣು ಉಳಿದಿತ್ತು, ಕೊಟ್ಟೆ. ಇಷ್ಟ ಸಾಕು, ಇನ್ನ ಎರಡಕ್ಕ ಕಟ್ಟೂದೈತಿ ಅಂದ."

ಅವನೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎಡಗೈ ಮುಂದೆ ಮಾಡಿದ, ಬೆರಳ ಮೇಲೆ ಗಾಳದ ಹಳೆಯ ಗಾಯ ಇತ್ತು ಎಂದಳು. ಆಮೇಲೆ ತನ್ನ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

"ಕೈ ಭಾಳ ತಣ್ಣಗಿತ್ತವ್ವಾ. ತೊಯ್ದಿತ್ತು. ಮಳಿ ಇಲ್ಲಲ್ಲೋ ತಮ್ಮಾ ಅಂದೆ. ದಾರ ತಗೊಂಡು ಹೋಗೇಬಿಟ್ಟ."

ಮನೆಗೆ ನಡೆದೆ. ಬಾಗಿಲಿಗೆ ನಾನು ಹಾಕಿದ್ದ ಬೀಗ ಹಾಗೇ ಇತ್ತು. ಚಿಲಕದ ಬಳೆಗೆ ಕೆಂಪು ರೇಷ್ಮೆಯ ಒಂದೆಳೆ ಕಟ್ಟಿತ್ತು, ಗಂಟು ಎಡಕ್ಕೆ. ಒಮ್ಮೆ ನೋಯಿಸಿದ್ದಕ್ಕೆ ಕಟ್ಟುವ ಗುರುತು. ಅವ್ವ ಹೇಳಿದ್ದನ್ನು ಅವನು ಮರೆತಿರಲಿಲ್ಲ. ಇನ್ನು ಈ ಬಾಗಿಲಿಗೆ ಅವನು ಎಂದೂ ಬರುವುದಿಲ್ಲ. ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟೆ.

ರಾತ್ರಿಯಾದರೂ ಅಲ್ಲೇ ಕೂತಿದ್ದೆ, ಆಗ ಫೋನು ಬಂತು. ವೈನಿ. ಪಾಳಿ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಊರು ಮುಟ್ಟಿದೆಯಾ, ಊಟ ಆಯಿತೇ ಎಂದು ಏನನ್ನೂ ಕೇಳಲಿಲ್ಲ. 

"ಶಾಂತಾ, ನಿನ್ನ ಬಾಗಲಕ್ಕೂ ಕಟ್ಟೈತೇನು?" ಎಂದಳು.

ಕಟ್ಟೈತ್ರಿ ಎಂದೆ. ದಾರವನ್ನು ಮುಟ್ಟಿ ನೋಡಿದೆ. ಇನ್ನೂ ಹಸಿಯಾಗಿತ್ತು.